ಮಂಗಳ ಕಾಣದ ಉಪನ್ಯಾಸಗಳು

ಕಾರು ಮಾರುವುದೆಂದು ನಿಶ್ಚಯವಾಯಿತು. ಕೊಳ್ಳುವವರು ಭಾನುವಾರ ಸಂಜೆ ನೋಡಲು ಬರುತ್ತಾರೆಂದು, ಹೆಂಡತಿ ಬೆಳಿಗ್ಗೆಯೇ ನನ್ನ ಕೈಗೆ ಒಂದು ಬ್ರಷ್ಷು, ಒಂದು ಹಳೆಯ ಬನಿಯನ್ನು ಕೊಟ್ಟು ಬಿಲ್ಡಿಂಗಿನ ಕೆಳಗೆ ಅಟ್ಟಿದಳು. "ಒಳಗೆ ಏನೇನು ಇಟ್ಟಿದ್ದೀರೋ ನಿಮಗೇ ಗೊತ್ತು" ಅಂದಳು. ನನಗೂ ಗೊತ್ತಿರಲಿಲ್ಲ. ನನ್ನ ಪಕ್ಕದ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದಾಗ ಅದರಡಿಯಲ್ಲಿ ಏಳೆಂಟು ನಿಂಬೆಸಿಪ್ಪೆ ಸಿಕ್ಕಿದವು. ಒಣಗಿ ಕಪ್ಪಾಗಿ, ಹಳೇ ಚಪ್ಪಲಿಯ ತುಂಡಿನ ಹಾಗೆ ಗಟ್ಟಿಯಾಗಿದ್ದವು. ಒಂದನ್ನು ಮುರಿದು ಮೂಗಿಗೆ ಹಿಡಿದೆ. ನಾಲ್ಕು ವರ್ಷದ ಮೇಲೆ ಅದರಲ್ಲಿ ಪರಿಮಳ ಎಲ್ಲಿಂದ ಬರಬೇಕು? ಆದರೂ ನನಗೆ ಬಂತು. ಅದರ ಬೆನ್ನಿಗೇ ಕಿವಿಯಲ್ಲಿ ಒಂದು ಗಂಡುದನಿ ಗಂಟಲು ಸರಿಮಾಡಿಕೊಂಡು, "ಹಿಂದೆ ಕೂತವರಿಗೆ ಕೇಳಿಸುತ್ತಿದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿತು.

ನೀವು ಗಾಬರಿಯಾಗಬೇಡಿ, ನನ್ನ ತಲೆ ನೆಟ್ಟಗಿದೆ. ಆ ದನಿಯೂ ನಿಂಬೆಸಿಪ್ಪೆಯೂ ಒಂದಕ್ಕೊಂದು ಅಂಟಿಕೊಂಡಿವೆ, ಅಷ್ಟೆ. ಬಿಡಿಸಿ ಹೇಳಬೇಕಾದರೆ ನಾನು ಪಂಡಿತನಾದ ಕತೆಯಿಂದಲೇ ಹೊರಡಬೇಕು.

ಈ ಶತಮಾನದ ಮೊದಲ ಹತ್ತು ವರ್ಷ ನಾನು ಡೊಂಬಿವಲಿಯಿಂದ ನವಿ ಮುಂಬಯಿಯ ಮಹಾಪೆಗೆ ರೈಲಿನಲ್ಲೇ ಹೋಗಿ ಬಂದವನು. ಠಾಣೆಯಲ್ಲಿ ಗಾಡಿ ಬದಲಿಸಬೇಕು. ಡೊಂಬಿವಲಿಯಲ್ಲಿ ಲೋಕಲ್ ಹತ್ತುವುದೆಂದರೆ ನಾವು ಹತ್ತುವುದಲ್ಲ, ಹಿಂದಿನವರು ನಮ್ಮನ್ನು ಹತ್ತಿಸುವುದು. ಒಳಗೆ ಭಜನೆಯ ಗುಂಪು ತಾಳ ಕುಟ್ಟುತ್ತಿರುತ್ತಿತ್ತು. ನನ್ನ ಒಂದು ಕೈ ಮೇಲಿನ ಹಿಡಿಕೆಯಲ್ಲಿ. ಇನ್ನೊಂದು ಕೈ ಎಲ್ಲಿತ್ತೆಂಬುದು ಠಾಣೆಯಲ್ಲಿ ಇಳಿದ ಮೇಲೆ ಗೊತ್ತಾಗುತ್ತಿತ್ತು. ಆಮೇಲೆ ನಾನು ಕಂಪನಿಯ ಅಡ್ಮಿನ್ ಮ್ಯಾನೇಜರ್ ಆದೆ. ಅಂದರೆ ಕುರ್ಚಿ, ಫ್ಯಾನು, ಗೇಟು, ವಾಚ್‌ಮನ್, ಕ್ಯಾಂಟೀನು, ಕೈ ತೊಳೆಯುವ ಸಾಬೂನು, ಇವಿಷ್ಟರ ಮಹಾರಾಜ. ಮಹಾರಾಜ ಲೋಕಲಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗುವುದು ಚಂದವಲ್ಲವೆಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ರೈಲಿನಲ್ಲಿ ಒಂದು ಗಂಟೆ ಹಿಡಿಯುತ್ತಿದ್ದ ದಾರಿ ಕಾರಿನಲ್ಲಿ ಎರಡು ಗಂಟೆ ಹಿಡಿಯಿತು. ಇದಕ್ಕೆ ಬಡ್ತಿ ಎನ್ನುತ್ತಾರೆ.

ಎರಡು ಗಂಟೆಯಲ್ಲಿ ಒಂದೂವರೆ ಗಂಟೆ ಶಿಲ್ ಫಾಟಾದ್ದು. ಕಲ್ಯಾಣದಿಂದ ಬರುವ, ಪನವೇಲಿಗೆ ಹೋಗುವ, ಮುಂಬ್ರಾದಿಂದ ಇಳಿಯುವ ಲಾರಿಗಳೆಲ್ಲ ಆ ಕೂಡುರಸ್ತೆಗೆ ಬಂದು, ಒಂದರ ಮುಖ ಒಂದು ನೋಡಿಕೊಂಡು ನಿಂತುಬಿಡುತ್ತವೆ. ರೇಡಿಯೊ ಹಾಕಿದರೆ ಅದೇ ನಾಲ್ಕು ಹಾಡು, ಅದೇ ನಲವತ್ತು ಜಾಹೀರಾತು. ಹೀಗಿರುವಾಗ ಒಂದು ದಿನ ನಮ್ಮ ಬಾಸಿಗೆ ಬೇರೆ ಕೆಲಸ ಬಂದು, ಬೇಲಾಪುರದಲ್ಲಿ ನಡೆದ ಒಂದು ವಿಚಾರ ಸಂಕಿರಣಕ್ಕೆ ಅವರ ಬದಲು ನಾನು ಹೋದೆ. ವಿಷಯ: ತಂತ್ರಜ್ಞಾನ, ಆಡಳಿತ ಮತ್ತು ಸಮಾಜ. ಊಟ ಚೆನ್ನಾಗಿತ್ತು. ಭಾಷಣಗಳು ಒಂದೂ ಅರ್ಥವಾಗಲಿಲ್ಲ, ಅದರಿಂದಲೇ ಇದು ದೊಡ್ಡ ವಿಷಯವಿರಬೇಕೆಂದು ನನಗೆ ಖಾತ್ರಿಯಾಯಿತು. ಹೊರಡುವಾಗ ಒಂದು ಬಟ್ಟೆಚೀಲ ಕೊಟ್ಟರು. ಅದರಲ್ಲಿ ಒಂದು ಪೆನ್ನು, ಒಂದು ಪೆನ್‌ಡ್ರೈವು. ಪೆನ್‌ಡ್ರೈವಿನ ತುಂಬ ದೇಶವಿದೇಶದ ಪ್ರೊಫೆಸರುಗಳ ಉಪನ್ಯಾಸಗಳು.

ಅಲ್ಲಿಂದ ನಾನು ಮನುಷ್ಯರ ಲೆಕ್ಕದಿಂದ ಹೊರಗೆ ಹೋದೆ. ದಿನಾ ಬೆಳಿಗ್ಗೆ, ಸಂಜೆ ಕಾರಿನಲ್ಲಿ ಉಪನ್ಯಾಸ. ಮೊದಲು ಯಾರೋ ಒಬ್ಬರು ಬಂದು ಭಾಷಣಕಾರರನ್ನು ಹೊಗಳುತ್ತಾರೆ. ಭಾಷಣಕಾರರು ಬಂದು ಹೊಗಳಿದವರನ್ನು ಹೊಗಳುತ್ತಾರೆ. ಆಮೇಲೆ, "ನನ್ನ ಬಳಿ ಉತ್ತರಗಳಿಲ್ಲ, ಪ್ರಶ್ನೆಗಳು ಮಾತ್ರ ಇವೆ" ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ನಾನು ಆಫೀಸಿನಲ್ಲಿ ಹೀಗೆ ಹೇಳಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು. ಆದರೂ ಕೇಳುತ್ತಾ ಕೇಳುತ್ತಾ ಅವರ ಮಾತು ನನ್ನ ನಾಲಿಗೆಗೂ ಹತ್ತಿತು. ಬಿಲ್ಡಿಂಗಿನ ಸೊಸೈಟಿಯ ಮೀಟಿಂಗಿನಲ್ಲಿ ನೀರಿನ ಟ್ಯಾಂಕು ತೊಳೆಸುವ ಮಾತು ಬಂದಾಗ ನಾನೆದ್ದು ಉತ್ತರದಾಯಿತ್ವದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಟ್ಯಾಂಕು ತೊಳೆದದ್ದು ಮುಂದಿನ ವರ್ಷ. ಮನೆಯಲ್ಲಿ, ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದರಲ್ಲೂ ಪಾರದರ್ಶಕತೆ ಇಲ್ಲವೆಂದು ಹೇಳಿದ ದಿನ ಮಗಳು ತಟ್ಟೆಯಿಂದ ತಲೆ ಎತ್ತದೆ, "ಪಪ್ಪಾ, ಪುರೇ ಆತಾ" ಅಂದಳು. ಸಾಕು ಮಾಡು ಎನ್ನುವುದನ್ನು ಮರಾಠಿಯಲ್ಲಿ ಹೇಳಿದರೆ ಹೆಚ್ಚು ನಾಟುತ್ತದೆ.

ವಾಸಣ್ಣ ಈ ಕಾರಿಗೆ ಬಂದದ್ದು ಆ ದಿನಗಳಲ್ಲೇ. ನಮ್ಮ ಕಂಪನಿಯ ಕ್ಯಾಂಟೀನಿನ ಅಡುಗೆಯವರು. ಊರು ಕಾರ್ಕಳದ ಹತ್ತಿರ, ನನ್ನ ತಾಯಿಯ ಮನೆಯಿಂದ ಎರಡು ಗುಡ್ಡ ಆಚೆ. ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದು, ಮೂವತ್ತು ಚಿಲ್ಲರೆ ವರ್ಷ ಒಂದಲ್ಲ ಒಂದು ಹೋಟೆಲಿನ ದೋಸೆಕಲ್ಲಿನ ಮುಂದೆ ನಿಂತವರು. ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಕಡೆ ಒಂದು ಚಾಳಿನಲ್ಲಿ ಅವರ ಕೋಣೆ. ನಮ್ಮ ಕನ್ನಡ ಸಂಘದಲ್ಲಿ ತಾಳಮದ್ದಳೆ ಇದ್ದಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದರು, ಗುರುತಾದದ್ದು ಅಲ್ಲಿ. ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟ, ಸಂಜೆಯ ದೋಸೆ ಅವರ ಪಾಳಿ. ಹೇಗೂ ದಾರಿ ಒಂದೇ, ಕಾರಿನಲ್ಲೇ ಬನ್ನಿ ಎಂದು ನಾನೇ ಕರೆದೆ. ಎಂಥ ಉದಾರಿ ನೋಡಿ! ನಾವಿಬ್ಬರು ಮಾತಾಡುತ್ತಿದ್ದುದು ಅರ್ಧ ತುಳು, ಅರ್ಧ ಕನ್ನಡ. ಇಲ್ಲಿ ನಿಮಗಾಗಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಮಾತಾಡುತ್ತಿದ್ದುದು ಎಂದೆನಲ್ಲ, ಅದು ಸುಳ್ಳು. ಮೊದಲ ವಾರ ಮಾತಾಡಿದೆವು. ಆಮೇಲೆ ಉಪನ್ಯಾಸ. ವಾಸಣ್ಣ ಬಾಯಿ ತೆರೆದರೆ ನಾನು ಎಡಗೈಯನ್ನು ಸ್ಟೇರಿಂಗಿನಿಂದ ಒಂದು ಗೇಣು ಮೇಲೆತ್ತುತ್ತಿದ್ದೆ. ತಡೆಯಿರಿ, ಮುಖ್ಯ ವಿಷಯ ಬರುತ್ತಿದೆ ಎಂದರ್ಥ. ಮುಖ್ಯ ವಿಷಯ ಬಂದದ್ದು ನನಗಂತೂ ನೆನಪಿಲ್ಲ.

ವಾಸಣ್ಣನಿಗೆ ಇಂಗ್ಲಿಷ್ ಬಾರದು. ಆದರೆ ಅವರಿಗೆ ಬೇಸರವಾದ ಹಾಗೆ ಕಾಣುತ್ತಿರಲಿಲ್ಲ. ಅವರು ಅದನ್ನು ತಾಳಮದ್ದಳೆಯ ಹಾಗೇ ಕೇಳುತ್ತಿದ್ದರು. ವೇಷ ಇಲ್ಲ, ಕುಣಿತ ಇಲ್ಲ. ಕೂತು ಬರೀ ಮಾತಿನಲ್ಲೇ ರಾಜ್ಯ ಕಟ್ಟುವುದು, ಕೆಡಹುವುದು. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ, ದನಿ ಏರುವುದು ಇಳಿಯುವುದು ನೋಡಿ ತೀರ್ಪು ಕೊಡುತ್ತಿದ್ದರು. "ಇವರದ್ದು ಪೀಠಿಕೆಯೇ ಮುಗಿಯುದಿಲ್ಲ ಮಾರಾಯ್ರೆ. ಅರಮನೆಯಿಂದ ಹೊರಟವರು ಇನ್ನೂ ಚಪ್ಪಲಿ ಹುಡುಕ್ತಾ ಇದ್ದಾರೆ." ಮತ್ತೊಬ್ಬರಿಗೆ: "ಸಂಧಾನಕ್ಕೆ ಬಂದ ದೂತನ ಪಾತ್ರಕ್ಕೆ ಆಗ್ತದೆ. ಮಾತು ಬೆಣ್ಣೆ. ಕೊಡುದು ಎಂತದ್ದೂ ಇಲ್ಲ." ಒಬ್ಬ ಮಹಿಳೆಯ ಖಡಕ್ ಮಾತು ಕೇಳಿ ತುಂಬ ಮೆಚ್ಚಿ, ಕಡೆಗೆ ಬೇಜಾರು ಮಾಡಿಕೊಂಡರು. "ಎದುರಿಗೆ ಇನ್ನೊಬ್ಬ ಅರ್ಥಧಾರಿ ಬೇಡ್ವಾ? ಇಲ್ಲ, ನೀವು ಹೇಳುದು ಸರಿಯಲ್ಲ ಅಂತ ಹೇಳುವವರು ಯಾರೂ ಇಲ್ವಾ ಅಲ್ಲಿ?" ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಬೇಕೆಂದು ಒಬ್ಬರು ಮತ್ತೆ ಮತ್ತೆ ಹೇಳುತ್ತಿದ್ದಾಗ, ಇವರಿಗೆ 'ಟೇಬಲ್' ಒಂದು ಗೊತ್ತಾಗಿ, ಏನದು ಎಂದು ಕೇಳಿದರು. ಹೇಳಿದೆ. "ಎಲ್ಲರೂ ಕೂತ್ರೆ ಆ ಟೇಬಲ್ ಒರೆಸುವವರು ಯಾರು?" ಅಂದರು. ನಾನು ಎಡಗೈ ಎತ್ತಿದೆ.

ಆ ಕಾಲದಲ್ಲೇ ಕಂಪನಿಗೆ ಬೆರಳು ಒತ್ತಿ ಹಾಜರಿ ಹಾಕುವ ಯಂತ್ರ ಬಂತು. ಮುಂದಿನ ಬಾಗಿಲಿಗೆ ಒಂದು, ಕ್ಯಾಂಟೀನಿನವರೂ ಜಾಡಮಾಲಿಗಳೂ ಬರುವ ಹಿಂದಿನ ಗೇಟಿಗೆ ಒಂದು. ಸುತ್ತೋಲೆ ಬರೆಯುವ ಕೆಲಸ ನನ್ನದು. ಇಷ್ಟು ಕೇಳಿದ ಮೇಲೆ ಒಂದು ಸುತ್ತೋಲೆಯನ್ನು ಸಾದಾ ಬರೆಯಲಾಗುತ್ತದೆಯೇ? ಅವತ್ತು ಬೆಳಿಗ್ಗೆ ಕೇಳಿದ ಉಪನ್ಯಾಸದ ಒಂದು ಮಾತನ್ನು ಎತ್ತಿ ಹಾಕಿದೆ: "ಯಂತ್ರಕ್ಕೆ ಪಕ್ಷಪಾತವಿಲ್ಲ. ಆದ್ದರಿಂದ ಯಾರಿಗೂ ಯಾವ ಕಾರಣಕ್ಕೂ ವಿನಾಯಿತಿ ಇಲ್ಲ." ಎರಡನೆಯ ವಾಕ್ಯ ನನ್ನ ಸ್ವಂತದ್ದು. ಮರುದಿನ ಅದೇ ಉಪನ್ಯಾಸದ ಉಳಿದರ್ಧ ಕೇಳಿದೆ. ಆ ಪ್ರೊಫೆಸರು ಆ ಮಾತನ್ನು ಎತ್ತಿದ್ದೇ ಸಿಗಿದು ತೋರಣ ಕಟ್ಟಲಿಕ್ಕೆ. ಯಂತ್ರ ಯಾರನ್ನು ಹೊರಗಿಡುತ್ತದೆ, ಯಾರ ಬೆರಳನ್ನು ಗುರುತಿಸುವುದಿಲ್ಲ ಎಂದು ಮುಕ್ಕಾಲು ಗಂಟೆ ಹೇಳಿದರು. ಅಷ್ಟು ಹೊತ್ತಿಗೆ ಸುತ್ತೋಲೆ ಗೋಡೆಗೆ ಅಂಟಿಯಾಗಿತ್ತು. ಅಕ್ಷರ ಚಂದ ಬಂದಿತ್ತು, ಹಾಗೇ ಬಿಟ್ಟೆ.

ಆ ಉಳಿದರ್ಧದ ನಡುವೆಯೇ ವಾಸಣ್ಣ ತಟ್ಟನೆ ಕಣ್ಣು ಬಿಟ್ಟು ಕೇಳಿದ್ದರು. "ಫಿಂಗರ್‌ಪ್ರಿಂಟ್ ಅಂತ ಹೇಳಿದ್ರಲ್ಲ ಈಗ? ಬೆರಳಿನ ವಿಷಯವಾ?"

"ಹೌದು ಹೌದು, ಅದೇ" ಎಂದು ನಾನು ಕೈ ಎತ್ತಿದೆ.

ಆಮೇಲಿನ ವಾರಗಳಲ್ಲಿ ಅವರು ನಿಂಬೆಸಿಪ್ಪೆ ತರತೊಡಗಿದರು. ಕಾರು ಹತ್ತಿ ಕೂತವರೇ ಜೇಬಿನಿಂದ ಅರ್ಧ ಹೋಳು ತೆಗೆದು, ದಾರಿಯುದ್ದಕ್ಕೂ ಹೆಬ್ಬೆರಳಿಗೆ ತಿಕ್ಕುವುದು, ಮೂಸಿ ನೋಡುವುದು, ಮತ್ತೆ ತಿಕ್ಕುವುದು. ಘಾಟಿಯಲ್ಲಿ ಬಸ್ಸು ಹತ್ತಿದಾಗ ವಾಂತಿ ಬಾರದಿರಲು ನಮ್ಮೂರಿನವರು ನಿಂಬೆ ಮೂಸುತ್ತಾರಲ್ಲ, ಹಾಗೆ ಅಂದುಕೊಂಡೆ. ಶಿಲ್ ಫಾಟಾದಲ್ಲಿ ನಿಂತಲ್ಲೇ ನಿಂತ ಕಾರಿನಲ್ಲಿ ಯಾರಿಗೆ ಹೊಟ್ಟೆ ತೊಳೆಸುತ್ತದೆ ಎಂದು ನಗುವೂ ಬಂತು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. "ಗಾಡಿಗಲ್ಲ, ನಿಮ್ಮ ಭಾಷಣಕ್ಕೆ ವಾಕರಿಕೆ ಬರ್ತಿರಬೇಕು ಪಾಪ" ಅಂದಳು.

ಒಂದು ಬೆಳಿಗ್ಗೆ, ದಿನಾ ನನಗಾಗಿ ಕಾಯುತ್ತಿದ್ದ ನಾಕಾದ ಮೂಲೆಯಲ್ಲಿ ವಾಸಣ್ಣ ಇರಲಿಲ್ಲ. ಮರುದಿನವೂ ಇರಲಿಲ್ಲ. ಜ್ವರವೋ ಏನೋ ಅಂದುಕೊಂಡೆ. ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ, ಅಡ್ಡ ಬಾಯಿ ಹಾಕುವವರಿಲ್ಲದೆ ಉಪನ್ಯಾಸ ಸುಸೂತ್ರ ಸಾಗಿತೆಂದು ಸಂತೋಷವೇ ಆಯಿತು. ನಾಲ್ಕನೆಯ ದಿನ ಸಂಜೆ ಕ್ಯಾಂಟೀನಿನಲ್ಲಿ ದೋಸೆ ಹರಿಯಲು ಎರಡೂ ಕೈ ಬೇಕಾಯಿತು. ಆಗ ಕ್ಯಾಂಟೀನು ನೋಡಿಕೊಳ್ಳುವ ಸೂಪರ್‌ವೈಜರನ್ನು ಕರೆದು ಕೇಳಿದೆ.

"ವಾಸಣ್ಣ? ಅವರು ಹೋದ್ರಲ್ಲ ಸಾರ್. ಅವರ ಬೆರಳು ಮಷಿನಿಗೆ ಬರೋದೇ ಇಲ್ಲ. ರೋಜ್ ಕಾ ಲಫಡಾ, ದಿನಾ ಇದೇ ಗಲಾಟೆ. ಕೆಲಸ ಮಾಡಿದ್ರೂ ಕಂಪ್ಯೂಟರಲ್ಲಿ ಗೈರುಹಾಜರಿ. ಜಾಸ್ತಿ ಗೈರುಹಾಜರಿ ಆದವರನ್ನ ಬದಲಿಸಿ ಅಂತ ಲಿಸ್ಟ್ ಬಂತು."

"ಯಾರು ಕಳಿಸಿದ್ದು ಆ ಲಿಸ್ಟು?"

ಅವನು ನನ್ನ ಮುಖವನ್ನೇ ನೋಡಿದ. "ಸಾರ್, ಸೈನ್ ನಿಮ್ಮದೇ ಇತ್ತು."

ಇತ್ತು. ಮೇಲೆ ಹೋಗಿ ಫೈಲು ತೆಗೆದು ನೋಡಿದೆ. ಲಿಸ್ಟಿನಲ್ಲಿ ಹೆಸರುಗಳಿರಲಿಲ್ಲ, ನಂಬರುಗಳಿದ್ದವು. ದಿನಕ್ಕೆ ನಾಲ್ಕು ಗಂಟೆ ನನ್ನ ಪಕ್ಕ ಕೂತ ಮನುಷ್ಯನ ನಂಬರು ನನಗೆ ಗೊತ್ತಿರಲಿಲ್ಲ.

ಆ ಭಾನುವಾರ ಅವರ ಚಾಳಿಗೆ ಹೋದೆ. ವಾಸಣ್ಣ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ನನ್ನನ್ನು ಕಂಡು ನಾಚಿ ಎದ್ದು, ಇದ್ದ ಒಂದು ಕುರ್ಚಿಯನ್ನು ಪಂಚೆಯ ತುದಿಯಿಂದ ಒರೆಸಿದರು.

"ಎಂತ ವಾಸಣ್ಣ, ನನಗೊಂದು ಮಾತು ಹೇಳ್ಬಾರ್ದಿತ್ತಾ?" ನನ್ನ ದನಿಯಲ್ಲಿ ಸ್ವಲ್ಪ ಗದರಿಕೆಯೇ ಇತ್ತು. ತಪ್ಪು ಮಾಡಿದವನ ದನಿ ಹಾಗೇ ಇರುತ್ತದೆ.

"ಹೇಳ್ಲಿಕ್ಕೆ ನೋಡಿದೆ ಅಲ್ವಾ, ನಾಲ್ಕು ಸರ್ತಿ. ನೀವು ಕೈ ಎತ್ತಿದ್ರಿ."

"ಭಾಷಣ ಮುಗಿದ ಮೇಲೆ ಹೇಳ್ಬಹುದಿತ್ತು."

"ಅದಕ್ಕೇ ಕಾದದ್ದು. ಮಂಗಳ ಹಾಡುವ ಮೊದ್ಲು ಸಭೆಯಲ್ಲಿ ಎದ್ದು ಮಾತಾಡ್ಲಿಕ್ಕೆ ಉಂಟಾ? ನಿಮ್ಮದು ಮಂಗಳ ಆಗ್ಲೇ ಇಲ್ಲ ಮಾರಾಯ್ರೆ. ಬೆಳಿಗ್ಗೆ ಆಫೀಸಿನ ಗೇಟು ಬರ್ತದೆ, ನೀವು ಬಂದ್ ಮಾಡ್ತೀರಿ. ಸಂಜೆ ಅಲ್ಲಿಂದಲೇ ಶುರು ಮಾಡ್ತೀರಿ. ಒಂದು ಮುಗಿದ್ರೆ ಅದರ ಬೆನ್ನಿಗೆ ಇನ್ನೊಂದು." ತುರಿದ ಕಾಯಿಯನ್ನು ಬದಿಗೆ ಸರಿಸಿ ಹೇಳಿದರು. "ಮತ್ತೆ, ಅವತ್ತು ಬೆರಳಿನ ವಿಷಯ ಬಂತಲ್ಲ. ಹೌದು ಅಂತ ನೀವೇ ಹೇಳಿದ್ರಿ. ನೀವು ಆ ಭಾಷಣದಲ್ಲಿ ನನ್ನ ಕಷ್ಟಕ್ಕೆ ಉಪಾಯವನ್ನೇ ಕೇಳ್ತಾ ಇದ್ದೀರಿ, ನಡುವೆ ನಾನು ಬಾಯಿ ಹಾಕಿದ್ರೆ ಅದೂ ತಪ್ಪಿ ಹೋಗ್ತದೆ ಅಂತ ಸುಮ್ನೆ ಕೂತೆ. ನಿಂಬೆ ಹಾಕಿ ತಿಕ್ಕಿದ್ರೆ ಗೆರೆ ಏಳ್ತದೆ ಅಂತ ಯಾರೋ ಹೇಳಿದ್ರು, ಅಷ್ಟರವರೆಗೆ ಅದನ್ನು ಮಾಡಿ ನೋಡಿದೆ."

ಹೆಬ್ಬೆರಳು ಚಾಚಿ ತೋರಿಸಿದರು. ಒರೆಸಿದ ಸ್ಲೇಟಿನ ಹಾಗೆ ನುಣ್ಣಗಿತ್ತು. ಮೂವತ್ತು ವರ್ಷದ ಕಾದ ಕಲ್ಲು, ಇಡ್ಲಿಯ ಹಬೆ, ಪಾತ್ರೆಯ ಸೋಡಾಪುಡಿ ಒಂದು ಗೆರೆಯನ್ನೂ ಬಿಟ್ಟಿರಲಿಲ್ಲ. ಅದೇ ಬೆರಳಿನ ವಿಷಯ ನಾನು ಎಷ್ಟೋ ಗಂಟೆ ಕೇಳಿದ್ದೆ, ಅದರ ಬಗ್ಗೆ ಯಾರಿಗೆ ಬೇಕಾದರೂ ಇಂಗ್ಲಿಷಿನಲ್ಲಿ ಹೇಳಬಲ್ಲವನಾಗಿದ್ದೆ. ಆ ಬೆರಳು ಗೇರ್‌ನ ಆಚೆ ಬದಿಯಲ್ಲಿ, ನನ್ನಿಂದ ಒಂದು ಗೇಣು ದೂರದಲ್ಲಿತ್ತು. ನನಗೆ ಅಳು ಬರುವಷ್ಟು ನಾಚಿಕೆಯಾಯಿತು.

ಸೋಮವಾರ ಆಫೀಸಿನಲ್ಲಿ ಮಾತೆತ್ತಿದೆ. ಹಿಂದಿನ ಗೇಟಿನಲ್ಲಿ ಒಂದು ರಿಜಿಸ್ಟರು ಇಡೋಣ, ಬೆರಳು ಬಾರದವರು ಸಹಿ ಹಾಕಲಿ ಎಂದೆ. ಬಾಸು ನನ್ನ ಸುತ್ತೋಲೆಯನ್ನು ತರಿಸಿ ನನಗೇ ಓದಿ ಹೇಳಿದರು. "ಯಂತ್ರಕ್ಕೆ ಪಕ್ಷಪಾತವಿಲ್ಲ. ಬ್ಯೂಟಿಫುಲ್ ಲೈನ್ ಯಾರ್, ನೀವೇ ಬರೆದದ್ದಲ್ವಾ?" ಆಮೇಲೆ ಒಂದು ಸಮಿತಿಯಾಯಿತು. ಸಮಿತಿ ಎಲ್ಲರನ್ನೂ ಒಂದು ಮೇಜಿನ ಸುತ್ತ ಕರೆಯಿತು. ಬೆರಳು ಬಾರದವರನ್ನು ಬಿಟ್ಟು. ಬಿಸ್ಕೆಟು ತಿಂದು, ಚಹಾ ಕುಡಿದು, ಮೂರು ತಿಂಗಳಿಗೆ ಒಂದು ರಿಜಿಸ್ಟರು ಬಂತು. ಯಾರೂ ಕದಿಯದಿರಲೆಂದು ಪೆನ್ನನ್ನು ದಾರದಿಂದ ಕಟ್ಟಿದ್ದರು.

ನಾನು ರಿಜಿಸ್ಟರಿನ ಸುದ್ದಿ ಹಿಡಿದುಕೊಂಡು ಓಡಿದಾಗ ವಾಸಣ್ಣ ಅಂಬರನಾಥದ ಒಂದು ಸಣ್ಣ ಹೋಟೆಲಿನಲ್ಲಿ ಕೆಲಸಕ್ಕೆ ನಿಂತಾಗಿತ್ತು. ವಾಪಸ್ ಬನ್ನಿ ಎಂದೆ. ನಕ್ಕರು. "ಇಲ್ಲಿ ಬೆಳಿಗ್ಗೆ ಧಣಿ ನನ್ನ ಮುಖ ನೋಡಿ 'ಬಂದ್ರಾ' ಅಂತ ಕೇಳ್ತಾರೆ. ನಾನು 'ಬಂದೆ' ಹೇಳ್ತೇನೆ. ಹಾಜರಿ ಆಯ್ತು. ನಿಮ್ಮಲ್ಲಿ ಆ ಮಷಿನಿನ ಹೆಣ್ಣುದನಿ ದಿನಾ ಮೂರು ಸರ್ತಿ ಮರ್ಯಾದೆಯಲ್ಲಿ 'ಪ್ಲೀಸ್ ಟ್ರೈ ಅಗೇನ್' ಹೇಳ್ತದೆ ಮಾರಾಯ್ರೆ. ಬೈದಿದ್ರೂ ಸಹಿಸ್ಬಹುದಿತ್ತು."

ಡೊಂಬಿವಲಿಯಿಂದ ಅಂಬರನಾಥ ಎಷ್ಟು ದೂರ? ಠಾಕುರ್ಲಿ, ಕಲ್ಯಾಣ, ವಿಠ್ಠಲವಾಡಿ, ಉಲ್ಲಾಸನಗರ ದಾಟಿದರೆ ಆಯಿತು. ನಾಲ್ಕು ವರ್ಷದಲ್ಲಿ ನಾನು ಒಂದು ಸಲವೂ ಮತ್ತೆ ಹೋಗಲಿಲ್ಲ. ಉಪನ್ಯಾಸ ಕೇಳುವುದನ್ನಾದರೂ ಬಿಟ್ಟೆನೇ ಎಂದು ನೀವು ಕೇಳಬಹುದು. ಬಿಟ್ಟೆ, ಎಂಟು ದಿನ. ಒಂಬತ್ತನೆಯ ದಿನ ಶಿಲ್ ಫಾಟಾದಲ್ಲಿ ನಿಂತಾಗ ಕೈ ತಾನಾಗಿ ಗುಂಡಿಗೆ ಹೋಯಿತು. ದನಿಯಿಲ್ಲದವರ ದನಿ ಕೇಳಿಸಿಕೊಳ್ಳುವುದರ ಮಹತ್ವದ ಕುರಿತು ಒಬ್ಬರು ಅದ್ಭುತವಾಗಿ ಮಾತಾಡಿದರು. ಪಕ್ಕದ ಸೀಟು ಖಾಲಿಯಿದ್ದುದರಿಂದ ಒಂದಕ್ಷರವೂ ತಪ್ಪಲಿಲ್ಲ.

ನಿಂಬೆಸಿಪ್ಪೆಗಳನ್ನು ಕೈಯಲ್ಲಿ ಹಿಡಿದುಕೊಂಡು ನಾನು ಪಾರ್ಕಿಂಗಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಬ್ರಷ್ಷು, ಬನಿಯನ್ನು ಡಿಕ್ಕಿಗೆ ಎಸೆದು ಕಾರನ್ನು ಅಂಬರನಾಥದ ಕಡೆ ತಿರುಗಿಸಿದೆ. ಹೋಟೆಲಿಗೆ ತಲುಪಿದಾಗ ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ವಾಸಣ್ಣ ಹೆಗಲ ಮೇಲಿನ ಬೈರಾಸಿನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದರು. ಕೂದಲು ಪೂರ್ತಿ ಬಿಳಿಯಾಗಿತ್ತು. ಯಾಕೆ ಬರಲಿಲ್ಲ ಇಷ್ಟು ದಿನ ಎಂದು ಕೇಳಲಿಲ್ಲ. ಕಾರು ಮಾರುತ್ತೇನೆ ಅಂದದ್ದಕ್ಕೆ, "ಹಾಗಾದ್ರೆ ಒಮ್ಮೆ ಕೂರ್ತೇನೆ" ಎಂದು ತಾವೇ ಬಾಗಿಲು ತೆಗೆದು ತಮ್ಮ ಸೀಟಿನಲ್ಲಿ ಕೂತರು. ಅಭ್ಯಾಸದಂತೆ ಕಣ್ಣು ಮುಚ್ಚಿ ಕೇಳಿದರು.

"ಇವತ್ತು ಪ್ರಸಂಗ ಯಾವುದು?"

ನಾನು ಪೆನ್‌ಡ್ರೈವು ಕಿತ್ತು ಜೇಬಿಗೆ ಹಾಕಿಕೊಂಡೆ. "ಇವತ್ತು ಅವರು ಯಾರೂ ಇಲ್ಲ. ನೀವು ಹೇಳಿ ವಾಸಣ್ಣ. ಆ ಮಷಿನಿನ ವಿಷಯ, ಮೊದಲಿನಿಂದ."

ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ತಮಾಷೆಯಲ್ಲ ಎಂದು ಖಚಿತ ಮಾಡಿಕೊಂಡು, ಗಂಟಲು ಸರಿಮಾಡಿ, ಪೀಠಿಕೆಯಿಲ್ಲದೆ ಶುರು ಮಾಡಿದರು. ಮೊದಲ ದಿನ ಹಿಂದಿನ ಗೇಟಿನಲ್ಲಿ ಸಾಲು ನಿಂತದ್ದು. ತಮ್ಮ ಸರದಿ ಬಂದಾಗ ಹಿಂದಿದ್ದವರು ಒಬ್ಬೊಬ್ಬರಾಗಿ ದಾಟಿ ಮುಂದೆ ಹೋದದ್ದು. ವಾಚ್‌ಮನ್ ತನ್ನ ಅಂಗಿಯ ತುದಿಯಿಂದ ಇವರ ಬೆರಳು ಒರೆಸಿ ಮತ್ತೆ ಒತ್ತಿಸಿದ್ದು. ಕಡೆಗೊಂದು ದಿನ, ತಾನು ನಿಜಕ್ಕೂ ಕೆಲಸಕ್ಕೆ ಬಂದಿದ್ದೇನಾ ಎಂದು ತಮಗೇ ಸಂಶಯ ಬಂದದ್ದು. ಅಲ್ಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ಇದನ್ನೇ ವಾಸಣ್ಣ, ಒಬ್ಬ ಪ್ರೊಫೆಸರು ಏನು ಹೇಳ್ತಾರೆ ಅಂದ್ರೆ..."

ವಾಸಣ್ಣ ನನ್ನ ಕಡೆ ನೋಡದೆ, ಎಡಗೈಯನ್ನು ತೊಡೆಯಿಂದ ಒಂದು ಗೇಣು ಮೇಲೆತ್ತಿದರು. ನಾನು ಬಾಯಿ ಮುಚ್ಚಿದೆ.

ಸಂಜೆಯಾಗಿತ್ತು, ಕೊಳ್ಳುವವರು ಬಂದು ಕೂತಿರಬೇಕು, ಹೆಂಡತಿಯ ಫೋನು ಎರಡು ಸಲ ಬಡಿದುಕೊಂಡಿತು. ಎತ್ತಲಿಲ್ಲ. ಇನ್ನೂ ಮಂಗಳ ಆಗಿರಲಿಲ್ಲ.